ಯಂತ್ರಕ್ಕೆ ಪತ್ರಿಕೆ ಓದಿಸಿದ ಕಥೆ

2021ರ ಮಳೆಗಾಲ. ಚಿತ್ರದುರ್ಗದ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ದಾವಣಗೆರೆಯ ನಮ್ಮ ಮನೆ ಹುಡುಕಿಕೊಂಡು ಬಂದಳು. ಚಂದ್ರವಳ್ಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮ ಕೆರೆ ಕಟ್ಟಿಸಿದ್ದನ್ನು ಹೇಳುವ ಪ್ರಾಕೃತ ಶಾಸನವಿದೆಯಲ್ಲ, ಅದರ ಬಗ್ಗೆ 1996ರಲ್ಲಿ ನಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಅವಳಿಗೆ ಬೇಕಿತ್ತು. "ಹುಡುಕಿದರೆ ಹೆಸರು ಬರುತ್ತದೆ ಸರ್, ಒತ್ತಿದರೆ ಏನೂ ತೆರೆಯುವುದಿಲ್ಲ" ಎಂದು ಮೊಬೈಲ್ ಮುಂದೆ ಹಿಡಿದಳು. ಕನ್ನಡ ಲೇಖನದ ಶೀರ್ಷಿಕೆ ಇಂಗ್ಲಿಷ್ ಲಿಪಿಯಲ್ಲಿತ್ತು, ಅದೂ ಅರ್ಧಕ್ಕೆ ತುಂಡಾಗಿತ್ತು. ಲೇಖಕರ ಹೆಸರು ಹಿಂದುಮುಂದಾಗಿತ್ತು. ಶೀರ್ಷಿಕೆಯ ಮುಂದೆ ಕಂಸದಲ್ಲಿ 'ಸೈಟೇಶನ್' ಎಂಬ ಪದ, ಕೆಳಗೆ ನಾಲ್ಕು ಕಡೆ ಉಲ್ಲೇಖವಾಗಿದೆ ಎಂಬ ಲೆಕ್ಕ.

ಅದರ ಅರ್ಥವನ್ನು ಅವಳೇ ಬಿಡಿಸಿ ಹೇಳಿದಳು. ವಿದ್ವತ್ ಬರಹಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್ ಎಂಬ ಯಂತ್ರಕ್ಕೆ ನಮ್ಮ ಲೇಖನ ಸಿಕ್ಕಿಯೇ ಇಲ್ಲ. ಬೇರೆ ನಾಲ್ವರು ತಮ್ಮ ಬರಹದ ಕೊನೆಯಲ್ಲಿ ಅದನ್ನು ನೆನೆದಿದ್ದಾರೆ, ಅವರು ಬರೆದ ತಪ್ಪು ಕಾಗುಣಿತದ ಸಮೇತ ಆ ಹೆಸರನ್ನು ಎತ್ತಿಕೊಂಡು ಯಂತ್ರ ಒಂದು ಸಾಲು ಮಾಡಿಟ್ಟಿದೆ. ದೇಹವಿಲ್ಲ, ಹೆಸರಷ್ಟೇ ಓಡಾಡುತ್ತಿದೆ. ಇಂಥದ್ದಕ್ಕೆ ನಮ್ಮ ಕಡೆ ಬೇರೆ ಹೆಸರಿದೆ.

ಬೀರುವಿನಿಂದ ಹಳೆಯ ಸಂಚಿಕೆ ತೆಗೆದುಕೊಟ್ಟೆ. ಹನ್ನೊಂದು ಪುಟಗಳ ಫೋಟೊ ಹೊಡೆದುಕೊಂಡು, ಚಹಾ ಕುಡಿದು ಹೊರಟಳು. ನನಗೆ ಮಾತ್ರ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದವನು ನಾನು. 1991ರಿಂದ ಈ ಅರ್ಧವಾರ್ಷಿಕದ ಸಂಪಾದಕ. ಎಂದರೆ ಕರಡು ತಿದ್ದುವವನು, ಅಚ್ಚುಮನೆಗೆ ಅಲೆಯುವವನು, ಗೋಂದು ಹಚ್ಚಿ ಅಂಚೆಗೆ ಹಾಕುವವನು ಎಲ್ಲ ನಾನೇ. ಇಷ್ಟು ವರ್ಷ ನಾವು ಪ್ರಕಟಿಸಿದ್ದೇವೆ ಅಂದುಕೊಂಡಿದ್ದೆ. ಆ ಹುಡುಗಿಯ ಲೆಕ್ಕದಲ್ಲಿ ನಾವು ಬೀರುವಿನಲ್ಲಿ ಇಟ್ಟಿದ್ದೆವು, ಅಷ್ಟೆ.

ಸಮಿತಿಯ ಸಭೆ ನಡೆಯುವುದು ಅಧ್ಯಕ್ಷರ ಅಂಗಡಿಯ ಹಿಂದಿನ ಕೋಣೆಯಲ್ಲಿ. ಅವರು ಮೆಕ್ಕೆಜೋಳದ ವ್ಯಾಪಾರಿ. ತಂದೆಯ ಹೆಸರಿನ ಟ್ರಸ್ಟಿನಿಂದ ಹೊರಡುವ ಪತ್ರಿಕೆಯನ್ನು ಒಂದು ಸಂಚಿಕೆಯೂ ತಪ್ಪದಂತೆ ಮೂವತ್ತು ವರ್ಷ ಸಾಕಿದವರು. ಎಲ್ಲವನ್ನೂ ಅಂತರಜಾಲಕ್ಕೆ ಹಾಕೋಣ ಎಂದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಪುಕ್ಕಟೆ ಸಿಕ್ಕರೆ ಚಂದಾ ಯಾರು ಕಟ್ಟುತ್ತಾರೆ ಮೇಷ್ಟ್ರೇ?"

ನಾನು ಅಷ್ಟರಲ್ಲಿ ಸ್ವಲ್ಪ ಓದಿಕೊಂಡಿದ್ದೆ. ಗೂಗಲ್ ಸ್ಕಾಲರ್ ಶುರುವಾದದ್ದು 2004ರ ನವೆಂಬರಿನಲ್ಲಿ. ಕಟ್ಟಿದ ಇಬ್ಬರಲ್ಲಿ ಒಬ್ಬರು ಖರಗಪುರದ ಐಐಟಿಯಲ್ಲಿ ಓದಿದ ಅನುರಾಗ್ ಆಚಾರ್ಯ, ಇನ್ನೊಬ್ಬರು ಅಲೆಕ್ಸ್ ವರ್ಸ್ಟಾಕ್. ಓದುವುದಕ್ಕೆ ದುಡ್ಡು ಕೇಳುವ ದೊಡ್ಡ ದೊಡ್ಡ ಪ್ರಕಾಶಕರು ಕೂಡ ಅದರ ಯಂತ್ರವನ್ನು ಮಾತ್ರ ಬಾಗಿಲೊಳಗೆ ಬಿಟ್ಟುಕೊಂಡರು. ಯಂತ್ರ ಪೂರ್ತಿ ಲೇಖನ ಓದುತ್ತದೆ, ಮನುಷ್ಯನಿಗೆ ಸಾರಾಂಶ ಕಾಣುತ್ತದೆ, ಮುಂದಕ್ಕೆ ಓದಬೇಕೆಂದರೆ ದುಡ್ಡು. ಆ ಸಾರಾಂಶವನ್ನು ಮಾತ್ರ ಲಾಗಿನ್ ಕೇಳದೆ ಎಲ್ಲರಿಗೂ ತೋರಿಸಲೇಬೇಕೆಂಬುದು ಸ್ಕಾಲರ್‌ನ ಷರತ್ತು.

ಅಧ್ಯಕ್ಷರಿಗೆ ಇದು ತಕ್ಷಣ ಅರ್ಥವಾಯಿತು. "ಮುಷ್ಟಿ ಕಾಳು ತೋರಿಸಿ ಚೀಲದ ಬಾಯಿ ಕಟ್ಟಿಡುವುದು. ನಾವು ದಿನಾ ಮಾಡುವ ಕೆಲಸವೇ" ಎಂದರು. ಆಮೇಲೆ ಖಜಾಂಚಿಯ ಕಡೆ ತಿರುಗಿ, "ನಮ್ಮ ಚೀಲಕ್ಕೆ ಗಿರಾಕಿ ಎಷ್ಟಿದ್ದಾರೆ?" ಎಂದು ಕೇಳಿದರು. ಅರವತ್ತನಾಲ್ಕು. ಅದರಲ್ಲಿ ಹತ್ತೊಂಬತ್ತು ಜನ ಎರಡು ವರ್ಷದಿಂದ ಬಾಕಿ. ಕೋಣೆಯಲ್ಲಿ ಸ್ವಲ್ಪ ಹೊತ್ತು ತಕ್ಕಡಿಯ ಸದ್ದು ಮಾತ್ರ ಕೇಳುತ್ತಿತ್ತು. "ಬಾಯಿ ಬಿಚ್ಚಿಬಿಡಿ" ಎಂದರು ಅಧ್ಯಕ್ಷರು.

ಬಿಚ್ಚುವುದು ಅಷ್ಟು ಸುಲಭವಾಗಿರಲಿಲ್ಲ.

ಮೊದಲ ಹೆಜ್ಜೆಗಳಲ್ಲಿ ಹೇಳುವಂಥದ್ದೇನಿಲ್ಲ. ಅಚ್ಚಿನ ಪತ್ರಿಕೆಗೆ ಐಎಸ್‌ಎಸ್‌ಎನ್ ಎಂಬ ಗುರುತುಸಂಖ್ಯೆ ಒಂದು ಇದ್ದರೆ ಅಂತರಜಾಲದ ಆವೃತ್ತಿಗೆ ಪ್ರತ್ಯೇಕವಾಗಿ ಇನ್ನೊಂದು ಬೇಕು. ದೆಹಲಿಯಿಂದ ಕೊಡುತ್ತಾರೆ, ಶುಲ್ಕವಿಲ್ಲ. ತಂತ್ರಾಂಶಕ್ಕೂ ಖರ್ಚಾಗಲಿಲ್ಲ. 1998ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಜಾನ್ ವಿಲಿನ್ಸ್ಕಿ ಎಂಬ ಪ್ರಾಧ್ಯಾಪಕರು ಆರಂಭಿಸಿದ ಯೋಜನೆಯೊಂದು ಪತ್ರಿಕೆಗಳನ್ನು ಅಂತರಜಾಲದಲ್ಲಿ ಪ್ರಕಟಿಸುವ 'ಓಪನ್ ಜರ್ನಲ್ ಸಿಸ್ಟಮ್ಸ್' ಎಂಬ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟಿದೆ. ಪಿ.ಜೆ. ಬಡಾವಣೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿ ಒಂದು ಭಾನುವಾರ ಕುಳಿತು ಅದನ್ನು ಹಾಕಿಕೊಟ್ಟ. ಡಿಒಐ ಎಂಬ ಶಾಶ್ವತ ಸಂಖ್ಯೆಯ ಮಾತೂ ಬಂತು. ವರ್ಷಕ್ಕಿಷ್ಟು, ಲೇಖನಕ್ಕಿಷ್ಟು ಎಂದು ಡಾಲರಿನಲ್ಲಿ ಕಟ್ಟಬೇಕೆಂದು ಕೇಳಿದ ಖಜಾಂಚಿ ಎದ್ದು ಹೋಗಿ ನೀರು ಕುಡಿದು ಬಂದರು. ಹುಡುಕುವ ಯಂತ್ರಕ್ಕೆ ಅದು ಕಡ್ಡಾಯವಲ್ಲವೆಂದು ಗೊತ್ತಾದ ಮೇಲೆ ಆ ಮಾತು ಅಲ್ಲಿಗೆ ನಿಂತಿತು.

ನಿಜವಾದ ಕೆಲಸ ಹಳೆಯ ಸಂಚಿಕೆಗಳದು. 1998ರವರೆಗಿನವು ಮೊಳೆ ಜೋಡಿಸಿ ಅಚ್ಚಾದವು. ಅವನ್ನು ಸ್ಕ್ಯಾನ್ ಮಾಡಿಸಿದಾಗ ಒಂದೊಂದು ಸಂಚಿಕೆಯೂ ಒಂದೇ ಕಡತವಾಗಿ, ನಲವತ್ತು ಎಂಬಿ ತೂಗುತ್ತಾ ಬಂತು. ಸ್ಕಾಲರ್‌ನ ಕೈಪಿಡಿ ಹೇಳುವುದು ಬೇರೆ: ಒಂದೊಂದು ಲೇಖನವೂ ಬೇರೆ ಕಡತವಾಗಿರಬೇಕು, ಯಾವುದೂ ಐದು ಎಂಬಿ ದಾಟಬಾರದು, ಒಳಗಿರುವುದು ಚಿತ್ರವಾಗಿರದೆ ಹುಡುಕಲು ಬರುವ ಅಕ್ಷರವಾಗಿರಬೇಕು. ಹಾಗಾಗಿ ಸಂಚಿಕೆಗಳನ್ನು ಕತ್ತರಿಸಲು ಕುಳಿತೆವು. ನನಗೆ ಮೊದಲ ಸಲ ಕಸಿವಿಸಿಯಾದದ್ದು ಇಲ್ಲಿ. ಸಂಪಾದಕನಾದವನು ಲೇಖನಗಳನ್ನು ಸುಮ್ಮನೆ ಒಂದರ ಹಿಂದೆ ಒಂದು ಇಡುವುದಿಲ್ಲ. 1996ರ ಆ ಸಂಚಿಕೆಯನ್ನು ಚಂದ್ರವಳ್ಳಿಯ ಕೆರೆಯಿಂದ ಆರಂಭಿಸಿ, ಶಾಂತಿಸಾಗರಕ್ಕೆ ಬಂದು, ಹೂಳು ತುಂಬಿದ ಹಳ್ಳಿಗೆರೆಗಳ ಬಗ್ಗೆ ರೈತರೊಬ್ಬರು ಬರೆದ ಟಿಪ್ಪಣಿಯಿಂದ ಮುಗಿಸಿದ್ದೆ. ಒಂದು ಇನ್ನೊಂದಕ್ಕೆ ಮಾತು ಕೊಡುತ್ತಿತ್ತು. ಈಗ ಬೇರೆ ಬೇರೆ ಹೆಸರಿನ ಏಳು ಕಡತಗಳು. ರೈತರ ಟಿಪ್ಪಣಿ ಎರಡು ಪುಟದ್ದು, ಅದಕ್ಕೆ ಸಾರಾಂಶವೂ ಇಲ್ಲ, ಉಲ್ಲೇಖವೂ ಇಲ್ಲ. ಪಾಂಡಿತ್ಯದ ಬರಹ ಎಂದು ಯಂತ್ರ ಅದನ್ನು ಏಕೆ ಒಪ್ಪಬೇಕು?

1999ರ ನಂತರದವು ಡಿಟಿಪಿಯಲ್ಲಿ ಆದವು, ಮೂಲ ಕಡತಗಳೇ ಇವೆ, ಅವುಗಳಿಗೆ ತೊಂದರೆಯಿಲ್ಲ ಎಂದುಕೊಂಡಿದ್ದೆವು. ತೊಂದರೆ ಅಲ್ಲಿಯೇ ಕಾದಿತ್ತು. ಪರದೆಯ ಮೇಲೆ ಚೊಕ್ಕಟ ಕನ್ನಡ. ಆದರೆ 'ಕನ್ನಡ' ಎಂಬ ಪದವನ್ನು ನಕಲು ಮಾಡಿ ಬೇರೆ ಕಡೆ ಅಂಟಿಸಿದರೆ ಬಂದದ್ದು ಏಳು ಗುರುತುಗಳು: ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡ್ ನಾಣ್ಯದ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ನರು ಜೋಡಿ ಎಸ್‌ಗೆ ಬಳಸುವ ಅಕ್ಷರ, ಒಂದು ಕ್ಯೂ, ಇನ್ನೊಂದು ಗೀಟಿನ ಎ. ಆ ಕಾಲದ ಅಕ್ಷರಶೈಲಿಗಳು ಇಂಗ್ಲಿಷ್ ಮನೆಗಳಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ್ದವು. ಕಣ್ಣಿಗೆ ಅದು ಕನ್ನಡ, ಯಂತ್ರಕ್ಕೆ ಪೌಂಡು. ಹದಿನೈದು ವರ್ಷ ನಾವು ಕನ್ನಡದಲ್ಲಿ ಬೆರಳಚ್ಚು ಮಾಡಿಸಿದ್ದೇವೆ ಎಂಬ ನನ್ನ ಹೆಮ್ಮೆ ಆ ಏಳು ಗುರುತುಗಳ ಮುಂದೆ ಸ್ವಲ್ಪ ಬಾಗಿತು.

ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಮನೆ ಕೊಡುವ ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳಿವೆ. ಪರಿವರ್ತಿಸಿದೆವು. ಚಿತ್ರದುರ್ಗ ಹೋಗಿ 'ಚಿತ್ರದುಗರ್' ಆಯಿತು, ಕರ್ನಾಟಕ 'ಕನಾರ್ಟಕ' ಆಯಿತು. ಹಳೆಯ ಶೈಲಿಯಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ಮೊದಲು ಬರಬೇಕು. ಈ ಹಿಂದುಮುಂದನ್ನು ಸರಿಮಾಡದೆ ಬಿಟ್ಟರೆ ಚಿತ್ರದುರ್ಗದ ಬಗ್ಗೆ ನಾವು ಪ್ರಕಟಿಸಿದ ಅಷ್ಟೂ ಲೇಖನಗಳು ಚಿತ್ರದುರ್ಗ ಎಂದು ಹುಡುಕಿದವರಿಗೆ ಸಿಗುವುದಿಲ್ಲ. ಕೋಟೆಯ ಬಾಗಿಲಲ್ಲಿ ಮದಕರಿ ನಾಯಕನನ್ನೇ ಗುರುತು ಹಿಡಿಯದೆ ತಡೆದಂತೆ. ನಾನು, ನನ್ನ ಹೆಂಡತಿ, ಎಂ.ಎ. ಓದುತ್ತಿದ್ದ ಇಬ್ಬರು ಹುಡುಗರು ಕುಳಿತು ಅರ್ಕಾವೊತ್ತು ತಿದ್ದಿದೆವು. ಏಳು ತಿಂಗಳು. ಮಂಡಕ್ಕಿ ಮತ್ತು ಮೆಣಸಿನಕಾಯಿ ಬಜ್ಜಿಯ ಖರ್ಚನ್ನು ಟ್ರಸ್ಟಿಗೆ ಹಾಕಲಿಲ್ಲ, ಅದು ನನ್ನ ಕೊಡುಗೆ.

ಆಮೇಲೆ ಹೆಸರುಗಳ ತಕರಾರು. ಲೇಖನದ ಪುಟದ ಹಿಂದೆ ಕಣ್ಣಿಗೆ ಕಾಣದ ಪಟ್ಟಿಗಳಿರುತ್ತವೆ. ಶೀರ್ಷಿಕೆ, ಲೇಖಕ, ದಿನಾಂಕ, ಪತ್ರಿಕೆ, ಸಂಪುಟ, ಪುಟಸಂಖ್ಯೆ ಎಂದು ಯಂತ್ರಕ್ಕೆ ಬಿಡಿಸಿ ಹೇಳುವ ಮಾಹಿತಿ ಅದು. ತಂತ್ರಾಂಶ ಅವನ್ನು ತಾನೇ ಬರೆಯುತ್ತದೆ, ನಾವು ಮನೆಗಳನ್ನು ಸರಿಯಾಗಿ ತುಂಬಬೇಕು. ಅಲ್ಲಿ ಕೊಟ್ಟ ಹೆಸರು ಒಂದು ಮನೆ, ಕುಲನಾಮ ಇನ್ನೊಂದು. ನಮ್ಮ ಬಹುತೇಕ ಲೇಖಕರಿಗೆ ಕುಲನಾಮವೇ ಇಲ್ಲ. ಊರಿನ ಒಂದಕ್ಷರ, ತಂದೆಯ ಒಂದಕ್ಷರ, ಆಮೇಲೆ ಹೆಸರು. ನಮ್ಮ ಹುಡುಗರು ಇನಿಷಿಯಲ್‌ಗಳನ್ನೇ ಮನೆತನ ಮಾಡಿ ತುಂಬಿದ್ದರಿಂದ ಒಂದು ಸಂಪುಟವಿಡೀ ಲೇಖಕರು ಬರಿಯ ಅಕ್ಷರಗಳಾಗಿ ಉಳಿದರು. ಇನ್ನು ಊರಿನ ಹೆಸರು. ಇಂಗ್ಲಿಷಿನಲ್ಲಿ ದಾವಣಗೆರೆಯ ನಡುವೆ ಒಂದು 'ಎ' ಇಡುವವರೂ ಇದ್ದಾರೆ, ಬಿಡುವವರೂ ಇದ್ದಾರೆ. ತೋಳಹುಣಸೆಯ ನಮ್ಮ ವಿಶ್ವವಿದ್ಯಾಲಯದ ಇಂಗ್ಲಿಷ್ ಹೆಸರಿನಲ್ಲಿ ಅದು ಇಲ್ಲ. ಜೊತೆಗೆ 1997ರ ಆಗಸ್ಟಿನವರೆಗೆ ದಾವಣಗೆರೆ ಜಿಲ್ಲೆಯೇ ಇರಲಿಲ್ಲ. ಅದಕ್ಕೂ ಹಿಂದಿನ ಲೇಖನಗಳಲ್ಲಿ ಹತ್ತಿ ಗಿರಣಿಗಳೆಲ್ಲ ಚಿತ್ರದುರ್ಗ ಜಿಲ್ಲೆಯಲ್ಲಿವೆ. ಪಟ್ಟಿಗಳಲ್ಲಿ ಎರಡೂ ಕಾಗುಣಿತ, ಎರಡೂ ಜಿಲ್ಲೆ ಬರೆದೆವು. ಲೇಖನದ ಕೊನೆಗೆ ನಾವು 'ಗ್ರಂಥಋಣ' ಎಂದು ಬರೆಯುತ್ತಿದ್ದೆವು. ಕೈಪಿಡಿ 'ರೆಫರೆನ್ಸಸ್' ಎಂಬ ತಲೆಬರಹ ಕೇಳಿತು. ಎರಡನ್ನೂ ಇಟ್ಟೆವು. ಋಣ ಎಂಬ ಮಾತನ್ನು ಬಿಡಲು ನನಗೆ ಮನಸ್ಸಾಗಲಿಲ್ಲ.

2022ರ ಶ್ರಾವಣದಲ್ಲಿ ಸ್ಕಾಲರ್‌ಗೆ ಅರ್ಜಿ ಸಲ್ಲಿಸಿದೆವು. ಸಲ್ಲಿಸಿ ಕಾದೆವು. ಸರ್ಕಾರಿ ಕಚೇರಿಯಾದರೆ ಗುಮಾಸ್ತರ ಮೇಜಿನ ಮುಂದೆ ಹೋಗಿ ನಿಲ್ಲಬಹುದು, ಸಾಹೇಬರು ಸಭೆಯಲ್ಲಿದ್ದಾರೆಂದಾದರೂ ಹೇಳಿಸಿಕೊಳ್ಳಬಹುದು. ಇಲ್ಲಿ ಮೇಜೇ ಇಲ್ಲ. ದಿನಾ ಬೆಳಿಗ್ಗೆ ಕುಂದುವಾಡ ಕೆರೆ ಸುತ್ತಿ ಬಂದು ನಮ್ಮ ಪತ್ರಿಕೆಯ ಹೆಸರು ಹಾಕಿ ಹುಡುಕುವುದು, ಏನೂ ಬರದಿರುವುದು. ಹತ್ತು ವಾರ ಕಳೆದ ಮೇಲೆ ನನ್ನ ಶಿಷ್ಯ ಪತ್ತೆ ಹಚ್ಚಿದ: ನಾವು ಅಂತರಜಾಲದಲ್ಲಿ ಜಾಗ ಬಾಡಿಗೆಗೆ ಪಡೆದ ಕಂಪನಿಯ ರಕ್ಷಣಾ ವ್ಯವಸ್ಥೆಯನ್ನು ನಾವೇ ಅತಿ ಬಿಗಿಯಾಗಿ ಇಟ್ಟಿದ್ದೆವು. ಕದಿಯಲು ಬರುವ ಯಂತ್ರಗಳ ಜೊತೆಗೆ ಓದಲು ಬರುವ ಯಂತ್ರವನ್ನೂ ಅದು ಹೊರಗಟ್ಟುತ್ತಿತ್ತು.

ಅದನ್ನು ಸಡಿಲಿಸಿದ ಮೇಲೆ ಡಿಸೆಂಬರಿನ ಒಂದು ಬೆಳಿಗ್ಗೆ ನಮ್ಮ ಲೇಖನಗಳು ಬಂದವು. ಹೆಂಡತಿಯನ್ನು ಕೂಗಿದೆ. ಅವಳು ಕನ್ನಡಕ ಹಾಕಿಕೊಂಡು ನೋಡಿ, "ಇದೇನ್ರೀ, ಎಲ್ಲ ಲೇಖನಕ್ಕೂ ಒಂದೇ ಹೆಸರು?" ಎಂದಳು. ಹೌದು. ಚೆಂದ ಕಾಣಲೆಂದು ಪ್ರತಿ ಕಡತದ ಮೊದಲಿಗೆ ಟ್ರಸ್ಟಿನ ಹೆಸರನ್ನು ದಪ್ಪ ಅಕ್ಷರದಲ್ಲಿ, ಕೆಳಗೆ ಅಧ್ಯಕ್ಷರ ಹೆಸರನ್ನು ತುಸು ಸಣ್ಣದಾಗಿ ಅಚ್ಚು ಹಾಕಿದ ಒಂದು ಮುಖಪುಟ ಸೇರಿಸಿದ್ದೆವು. ಮೊದಲ ಪುಟದ ಮೇಲ್ತುದಿಯಲ್ಲಿ ಅತಿ ದೊಡ್ಡ ಅಕ್ಷರದಲ್ಲಿರುವುದು ಶೀರ್ಷಿಕೆ, ಅದರ ಕೆಳಗಿನ ಸಣ್ಣ ಅಕ್ಷರ ಲೇಖಕ ಎಂಬುದು ಯಂತ್ರದ ಲೆಕ್ಕ. ಆ ಲೆಕ್ಕದ ಪ್ರಕಾರ ಅಧ್ಯಕ್ಷರು ಶಾಸನಶಾಸ್ತ್ರ, ಗಿರಣಿ ಚರಿತ್ರೆ, ಜನಪದ ವೈದ್ಯ ಎಲ್ಲದರ ಮೇಲೂ ಬರೆದ ವಿದ್ವಾಂಸರಾಗಿದ್ದರು. ಅವರಿಗೆ ಹೇಳಿದಾಗ ಮೂರು ನಿಮಿಷ ನಕ್ಕು, "ಎರಡು ದಿನ ಹಾಗೇ ಇರಲಿ, ಅಳಿಯನಿಗೆ ತೋರಿಸುತ್ತೇನೆ" ಎಂದರು.

ಎರಡು ದಿನವಲ್ಲ, ಬಹಳ ದಿನ ಇತ್ತು. ಹೊಸ ಲೇಖನ ಬೇಗ ಸೇರುತ್ತದೆ. ಈಗಾಗಲೇ ಸೇರಿದ್ದನ್ನು ನಮ್ಮ ತಾಣದಲ್ಲಿ ತಿದ್ದಿದರೆ, ಯಂತ್ರ ಮತ್ತೆ ಆ ದಾರಿಗೆ ಬಂದು ನೋಡುವವರೆಗೆ ಆರರಿಂದ ಒಂಬತ್ತು ತಿಂಗಳು, ಕೆಲವೊಮ್ಮೆ ವರ್ಷವೂ ಹಿಡಿಯಬಹುದೆಂದು ಕೈಪಿಡಿಯೇ ಹೇಳುತ್ತದೆ. ಅಚ್ಚಿನ ಕಾಲದಲ್ಲಿ ಮುಂದಿನ ಸಂಚಿಕೆಯಲ್ಲಿ 'ತಪ್ಪೊಪ್ಪು' ಹಾಕಿ ಕೈ ತೊಳೆದುಕೊಳ್ಳುತ್ತಿದ್ದೆವು. ಇನ್ನೊಂದು ತಪ್ಪೂ ಹೀಗೆಯೇ ಅಂಟಿಕೊಂಡಿತು. ಹಳೆಯ ಸಂಚಿಕೆಗಳನ್ನು ಏರಿಸುವಾಗ ಪ್ರಕಟಣೆಯ ದಿನಾಂಕವನ್ನು ಕೈಯಾರೆ ಬದಲಿಸದಿದ್ದರೆ ತಂತ್ರಾಂಶ ಏರಿಸಿದ ದಿನವನ್ನೇ ಹಾಕಿಕೊಳ್ಳುತ್ತದೆ. ಮೂರು ಸಂಚಿಕೆಗಳಲ್ಲಿ ನಾವು ಮರೆತಿದ್ದೆವು. 1996ರ ಚಂದ್ರವಳ್ಳಿಯ ಲೇಖನ 2022ರದ್ದಾಗಿ ಕುಳಿತಿತು.

ಇಷ್ಟಾಗಿ ಬಂದ ಫಲ? ಬಂದಿದೆ. ವರ್ಷಕ್ಕೆ ಎರಡು ಪತ್ರ ಬಂದರೆ ಹೆಚ್ಚು ಎನ್ನುತ್ತಿದ್ದ ಪತ್ರಿಕೆಗೆ ಈಗ ವಾರಕ್ಕೆ ಒಂದಾದರೂ ಮಿಂಚಂಚೆ ಬರುತ್ತದೆ. ಗಿರಣಿ ಕಾರ್ಮಿಕರ ಬಗ್ಗೆ 1994ರಲ್ಲಿ ಹಾಕಿದ ಲೇಖನ ಅಚ್ಚಾದಾಗ ಯಾರೂ ಕೇಳಿರಲಿಲ್ಲ, ಈಗ ತಾಣದಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ಇಳಿಸಿಕೊಳ್ಳುವುದು ಅದನ್ನೇ. ಆದರೆ ಬಂದವರು ನೇರವಾಗಿ ಲೇಖನಕ್ಕೆ ಬರುತ್ತಾರೆ, ಓದಿ ಹಾಗೇ ಹೋಗುತ್ತಾರೆ. ನಾನು ಎರಡು ವಾರ ತಿದ್ದಿ ತೀಡುವ ಸಂಪಾದಕೀಯವನ್ನು ಕಳೆದ ವರ್ಷ ತೆರೆದವರು ಹನ್ನೊಂದು ಮಂದಿ; ಅದರಲ್ಲಿ ಮೂರು ಸಲ ನಾನೇ. ಮುಖಪುಟ, ವಿಷಯಸೂಚಿ, ಪಕ್ಕದ ಲೇಖನ, ಪುಸ್ತಕ ವಿಮರ್ಶೆ ಇವೆಲ್ಲ ಹಾದುಹೋಗುವ ದಾರಿಯೇ ಮುಚ್ಚಿತು. ಹಿಂದೆ ಪತ್ರಿಕೆ ಓದುಗನ ಕೈಗೆ ಬಂದು ಲೇಖನ ತೋರಿಸುತ್ತಿತ್ತು. ಈಗ ಲೇಖನದ ತಲೆಯ ಮೇಲೆ ಸಣ್ಣಕ್ಷರದಲ್ಲಿ ಪತ್ರಿಕೆಯ ಹೆಸರು ಉಳಿದಿದೆ.

ದೊಡ್ಡ ಪ್ರಕಾಶಕರಿಗೂ ಇದರ ಬಿಸಿ ಬೇರೆ ರೀತಿಯಲ್ಲಿ ತಾಗಿದೆ. ಒಂದೇ ಲೇಖನದ ಹಲವು ಪ್ರತಿಗಳನ್ನು ಸ್ಕಾಲರ್ ಒಟ್ಟುಗೂಡಿಸಿ, ಪ್ರಕಾಶಕರದ್ದನ್ನು ಮುಂದಿಟ್ಟರೂ, ಲೇಖಕ ತನ್ನ ತಾಣದಲ್ಲಿ ಪುಕ್ಕಟೆ ಇಟ್ಟ ಪ್ರತಿಯನ್ನೂ ಬಲಗಡೆ ತೋರಿಸುತ್ತದೆ. ಚೀಲದ ಬಾಯಿ ಕಟ್ಟಿದ ಅಂಗಡಿಯ ಬಾಗಿಲಲ್ಲೇ ಅದೇ ಕಾಳನ್ನು ಯಾರೋ ಸುಮ್ಮನೆ ಹಂಚಿದ ಹಾಗೆ. ಆದರೂ ಅವರ ಅಂಗಡಿ ನಡೆಯುತ್ತದೆ. 2025ರ ಜನವರಿಯಿಂದ ಕೇಂದ್ರ ಸರ್ಕಾರವೇ 'ಒಂದು ದೇಶ, ಒಂದು ಚಂದಾ' ಎಂದು ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟು 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು ಕಾಲೇಜುಗಳಿಗೆ ತೆರೆದಿದೆ. ನಮ್ಮಂಥವರ ಪಾಲಿಗೆ ಇರುವುದು ಹುಡುಕಾಟದ ಹಾದಿಯೊಂದೇ. ಅಲ್ಲಿಯೂ ಮುಂದೆ ಬರುವವರ ಕ್ರಮದಲ್ಲಿ ಎಷ್ಟು ಜನ, ಎಷ್ಟು ಇತ್ತೀಚೆಗೆ ಉಲ್ಲೇಖಿಸಿದ್ದಾರೆ ಎಂಬುದಕ್ಕೆ ತೂಕವಿದೆ. ಕನ್ನಡದ ಲೇಖನವನ್ನು ಇಂಗ್ಲಿಷಿನಲ್ಲಿ ಬರೆಯುವವರು ಓದಿಯೂ ಹೆಸರಿಸದೆ ಬಿಡುವ ಅಭ್ಯಾಸ ನನಗೆ ಹೊಸದಲ್ಲ. ಆ ಜಿಪುಣತನಕ್ಕೆ ಈಗ ಇನ್ನೊಂದು ಬೆಲೆ ತೆರುತ್ತಿದ್ದೇವೆ.

ಲೇಖಕರ ಪ್ರಶ್ನೆಯೂ ಬದಲಾಗಿದೆ. ಮೊದಲು "ಯಾವ ಸಂಚಿಕೆಯಲ್ಲಿ ಬರುತ್ತದೆ ಸರ್?" ಎನ್ನುತ್ತಿದ್ದರು. ಈಗ "ಸ್ಕಾಲರ್‌ನಲ್ಲಿ ಕಾಣುತ್ತದಾ ಸರ್?" ಎನ್ನುತ್ತಾರೆ. ವಿಶ್ವವಿದ್ಯಾಲಯಗಳ ಅನುದಾನ ಆಯೋಗವಾದ ಯುಜಿಸಿ 2018ರ ಮೇ ತಿಂಗಳಲ್ಲಿ 4,305 ಪತ್ರಿಕೆಗಳನ್ನು ತನ್ನ ಮಾನ್ಯ ಪತ್ರಿಕೆಗಳ ಪಟ್ಟಿಯಿಂದ ಕಿತ್ತಿತು, 2019ರಲ್ಲಿ ಕೇರ್ ಎಂಬ ಹೊಸ ಪಟ್ಟಿ ಮಾಡಿತು, 2025ರ ಫೆಬ್ರುವರಿಯಲ್ಲಿ ಅದನ್ನೂ ನಿಲ್ಲಿಸಿತು. ಪಟ್ಟಿ ಹೋದ ಮೇಲೆ ಹುಡುಗರು ಸ್ಕಾಲರ್‌ನಲ್ಲಿ ಕಾಣುವುದನ್ನೇ ಮೊಹರು ಎಂದುಕೊಂಡಿದ್ದಾರೆ. ದುಡ್ಡು ಕೊಟ್ಟರೆ ಮೂರು ದಿನದಲ್ಲಿ ಅಚ್ಚು ಮಾಡುವ ಅಂಗಡಿಗಳೂ ಅಲ್ಲಿ ಕಾಣುತ್ತವೆ, ಜಾಹೀರಾತಿನಲ್ಲಿ ಅದನ್ನೇ ಹೇಳಿಕೊಳ್ಳುತ್ತವೆ. ಪುಟದ ಹಿಂದಿನ ಕಾಣದ ಪಟ್ಟಿಗಳನ್ನು ನೀಟಾಗಿ ತುಂಬಿದ್ದಾರೆಯೇ ಎಂದು ಯಂತ್ರ ನೋಡುತ್ತದೆ, ಬರೆದದ್ದು ಸರಿಯೇ ಎಂದು ನೋಡುವವರು ನಾವು. ಇದನ್ನು ಹೇಳಿದರೆ ಹುಡುಗರು ತಲೆಯಾಡಿಸಿ, "ಆದರೂ ಕಾಣುತ್ತದಲ್ಲ ಸರ್?" ಎನ್ನುತ್ತಾರೆ.

ಕಳೆದ ದೀಪಾವಳಿಯ ಹೊತ್ತಿಗೆ ಹಿರಿಯೂರಿನಿಂದ ಫೋನ್ ಬಂತು. ಚಂದ್ರವಳ್ಳಿಯ ಲೇಖನ ಬರೆದವರು. ಎಂಬತ್ತು ದಾಟಿದೆ, ಕಿವಿ ಮಂದ, ಮೊಮ್ಮಗಳು ಯಾವುದೋ ಮೊಬೈಲಿನಲ್ಲಿ ತೋರಿಸಿದ್ದಾಳೆ. "ನನ್ನ ಲೇಖನವನ್ನು ನಾಲ್ಕು ಜನ ಓದಿದ್ದಾರಂತಲ್ಲಪ್ಪ?" ಎಂದರು ಜೋರಾಗಿ. ಆ ನಾಲ್ಕು ಇನ್ನೂ ಹಳೆಯ ದೇಹವಿಲ್ಲದ ಸಾಲಿನ ಕೆಳಗಿವೆ, ನಾವು ಏರಿಸಿದ ನಿಜವಾದ ಲೇಖನದ ಕೆಳಗೆ ಲೆಕ್ಕವೇ ಇಲ್ಲ, ಎರಡೂ ಒಂದಾಗಿಲ್ಲ. ಇದನ್ನು ಫೋನಿನಲ್ಲಿ ಕೂಗಿ ಹೇಳುವುದು ಹೇಗೆ? "ಹೌದು ಸರ್, ನಾಲ್ಕು" ಎಂದೆ. "ಅದರದೊಂದು ಕಾಗದ ಕಳಿಸು, ಫ್ರೇಮು ಹಾಕಿಸುತ್ತೇನೆ" ಎಂದರು.

ಪಿ.ಜೆ. ಬಡಾವಣೆಯ ಅಂಗಡಿಯಲ್ಲಿ ಎರಡೂ ಸಾಲು ಬರುವಂತೆ ಪರದೆಯನ್ನು ಅಚ್ಚು ಹಾಕಿಸಿಕೊಂಡು ಬಂದೆ. ವರ್ಷ ಇನ್ನೂ 2022 ಎಂದೇ ಇತ್ತು. ಮೇಜಿನ ಖಾನೆಯಿಂದ ಕೆಂಪು ಪೆನ್ನು ತೆಗೆದು ಅದನ್ನು ಹೊಡೆದುಹಾಕಿ, ಅಂಚಿನಲ್ಲಿ 1996 ಎಂದು ಬರೆದು, ಲಕೋಟೆಗೆ ಗೋಂದು ಹಚ್ಚಿದೆ.